ರಾಹುಲನ ಹೆಗಲು, ನಮ್ಮ ಹುಡುಗರ ಹೆಗಲು

ಬ್ಲಾಗಿನ ಕಡೆ ತಲೆ ಹಾಕದೆ ಒಂದೂವರೆ ತಿಂಗಳಾಯ್ತು. ಇಬ್ಬರು ಗೆಳೆಯರು "ಎಲ್ಲಿ ಹೋದ್ರಿ ಮಾರಾಯ್ರೆ, ಬರೆಯುವುದು ಬಿಟ್ಟೇ ಬಿಟ್ರಾ?" ಅಂತ ವಿಚಾರಿಸಿದ್ರು. ಬಿಟ್ಟಿಲ್ಲ. ಆದರೆ ಮೌಸ್ ಹಿಡಿದು ಹತ್ತು ನಿಮಿಷ ಕೂತರೆ ಸಾಕು, ಬಲ ಹೆಗಲಿನಿಂದ ರಟ್ಟೆಯವರೆಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗ್ತಿತ್ತು. ಈಗ ಪರವಾಗಿಲ್ಲ. ಈ ಲೇಖನವನ್ನು ಮೂರು ಕಂತಿನಲ್ಲಿ ಕುಟ್ಟಿದ್ದೇನೆ. ನಡುವೆ ಎಲ್ಲಾದರೂ ಧಾಟಿ ತಪ್ಪಿದರೆ ಅದಕ್ಕೆ ಹೆಗಲೇ ಕಾರಣ ಅಂದುಕೊಳ್ಳಿ :)

ಕಾರಣ ಕೇಳಿದರೆ ನಗ್ತೀರಿ. ಹಳೆ ವಿದ್ಯಾರ್ಥಿಗಳ ಒಂದು ಕ್ರಿಕೆಟ್ ಪಂದ್ಯ. ನನಗೆ ನಲವತ್ತಾರು. ಕೊನೆಯ ಬಾರಿ ಚೆಂಡು ಎಸೆದು ಎಷ್ಟೋ ವರ್ಷವಾಗಿತ್ತು. ಬೌಂಡರಿ ಗೆರೆಯ ಹತ್ತಿರ ನಿಲ್ಲಿಸಿದ್ದರು, ಅಲ್ಲಿ ಕೆಲಸ ಕಮ್ಮಿ ಅಂತ. ಒಂದು ಚೆಂಡು ಬಂತು, ಬ್ಯಾಟ್ಸ್‌ಮನ್‌ಗಳು ಎರಡನೇ ರನ್ನಿಗೆ ಓಡಿದರು, ನನಗೆ ಇದ್ದಕ್ಕಿದ್ದಂತೆ ಇಪ್ಪತ್ತು ವರ್ಷ ಆಯ್ತು. ಕೀಪರ್ ಕೈಗೆ ನೇರ ಎಸೆದೆ. ರನ್ ಔಟೂ ಆಯ್ತು. ಮರುದಿನ ಬೆಳಿಗ್ಗೆ ಅಂಗಿಯ ತೋಳಿಗೆ ಕೈ ತೂರಿಸಲಾಗದೆ ಹೆಂಡತಿಯನ್ನು ಕರೆಯಬೇಕಾಯ್ತು.

ನನ್ನ ಕತೆ ಇಷ್ಟೇ, ಇದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಬರೆಯಬೇಕು ಅನ್ನಿಸಿದ್ದು ನನ್ನ ತಂಗಿಯ ಮಗನ ವಿಷಯ.

ಅವನಿಗೆ ಹದಿನೈದು. ವೇಗದ ಬೌಲರ್. ಫೀಲ್ಡಿಂಗ್ ಅಂದ್ರೆ ಪ್ರಾಣ. ಶಾಲೆಯ ತಂಡಕ್ಕೆ ಆಡ್ತಾನೆ, ಮನೆ ಹತ್ತಿರದ ಫ್ರೆಂಡ್ಸ್ ತಂಡಕ್ಕೂ ಆಡ್ತಾನೆ, ಶನಿವಾರ ರಾತ್ರಿ ಹೊನಲು ಬೆಳಕಿನ ಪಂದ್ಯಾಟ ಇದ್ದರೆ ಯಾರು ಕರೆದರೆ ಅವರ ತಂಡಕ್ಕೂ ಸೈ. ನಾನು ನನ್ನ ಕೈ ಹಿಡ್ಕೊಂಡು ತಂಗಿಯ ಮನೆಗೆ ಹೋಗಿ ಕೂತಿದ್ದಾಗ ಅವಳು ಮೆಲ್ಲಗೆ ಹೇಳಿದಳು. "ಅಣ್ಣ, ಇವನು ಒಂದು ವಾರದಿಂದ ಎಡಗೈಯಲ್ಲಿ ತಲೆ ಬಾಚ್ತಿದ್ದಾನೆ. ಕೇಳಿದ್ರೆ ಎಂತ ಇಲ್ಲ ಅಂತಾನೆ. ನೀನೊಮ್ಮೆ ಕೇಳು."

ಕೇಳಿದೆ.

"ಎಂತದಾ, ಹೆಗಲಿಗೆ ಎಂತ ಆಯ್ತು?"

"ಎಂತ ಇಲ್ಲ ಮಾವ. ಸ್ವಲ್ಪ ಹಿಡಿದಿದೆ ಅಷ್ಟೆ."

"ಎಷ್ಟು ದಿನದಿಂದ?"

"ದೀಪಾವಳಿಯಿಂದ ಉಂಟು..."

ಆಗ ಡಿಸೆಂಬರ್! ನೋವಿದ್ದಾಗ ಏನು ಮಾಡ್ತಿದ್ದೆ ಅಂದ್ರೆ ಪಂದ್ಯಕ್ಕೆ ಮೊದಲು ಸ್ಪ್ರೇ ಹೊಡೆದುಕೊಳ್ಳೋದು, ತೀರಾ ಹೆಚ್ಚಾದರೆ ತಂಡದ ಒಬ್ಬ ಅಣ್ಣ ಒಂದು ಮಾತ್ರೆ ಕೊಡೋದು. ಆ ಭಾನುವಾರ ಫೈನಲ್ ಬೇರೆ ಇತ್ತು. ಬೇಡ, ಆಡಬೇಡ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತೇ ಈ ಲೇಖನಕ್ಕೆ ಕಾರಣ.

"ಕೆ.ಎಲ್. ರಾಹುಲ್ ಕೂಡ ಹೆಗಲು ನೋವಲ್ಲೇ ಆಡಿದ್ದಲ್ವಾ ಮಾವ?"

ಏನು ಉತ್ತರ ಕೊಡ್ತೀರಿ ಹೇಳಿ. ಮಂಗಳೂರಿನ ಹುಡುಗರಿಗೆ ರಾಹುಲ್ ಅಂದ್ರೆ ಟೀವಿಯ ಒಳಗಿನ ಮನುಷ್ಯ ಅಲ್ಲ. ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಬೆಳೆದದ್ದು ಸುರತ್ಕಲ್‌ನಲ್ಲಿ. ಅಪ್ಪ ಎನ್‌ಐಟಿಕೆಯಲ್ಲಿ ಪ್ರೊಫೆಸರ್, ಅಮ್ಮ ಕೂಡ ಪ್ರಾಧ್ಯಾಪಕಿ. ಆಟ ಕಲಿತದ್ದು ಇದೇ ನೆಹರೂ ಮೈದಾನದಲ್ಲಿ, ಸ್ಯಾಮ್ಯುವೆಲ್ ಜಯರಾಜ್ ಅವರ ಕೈಕೆಳಗೆ. ನಮ್ಮ ಹುಡುಗರು ಬೌಲಿಂಗ್ ರನ್‌ಅಪ್ ಅಳೆಯುವುದೂ ಅದೇ ನೆಲದ ಮೇಲೆ. ಹಾಗಾಗಿ ಅವನ ಹೆಗಲು ಅಂದ್ರೆ ಇವರಿಗೆ ನಮ್ಮೂರ ಹೆಗಲು.

ಅವನು ಹೇಳಿದ್ದು ಸುಳ್ಳೂ ಅಲ್ಲ. 2017ರ ಫೆಬ್ರವರಿ, ಆಸ್ಟ್ರೇಲಿಯಾ ವಿರುದ್ಧ ಪುಣೆ ಟೆಸ್ಟ್. ಆ ಪಿಚ್ ನೆನಪಿರಬೇಕು ನಿಮಗೆ, ಮೊದಲ ದಿನವೇ ಧೂಳು ಏಳುತ್ತಿತ್ತು. ರಾಹುಲ್ 64 ಹೊಡೆದು ನಿಂತಿದ್ದವನು ಓಕೀಫ್ ಚೆಂಡನ್ನು ಎತ್ತಿ ಹೊಡೆಯಲು ಹೋಗಿ ಕ್ಯಾಚ್ ಕೊಟ್ಟ. ಹೊಡೆದ ಮರುಕ್ಷಣವೇ ಎಡ ಹೆಗಲನ್ನು ಹಿಡಿದುಕೊಂಡ. ಆಗ 3 ವಿಕೆಟ್‌ಗೆ 94 ಇದ್ದ ನಮ್ಮವರು 105ಕ್ಕೆ ಆಲ್ ಔಟ್. ಆಮೇಲೆ ಆ ಹೆಗಲನ್ನೇ ಇಟ್ಟುಕೊಂಡು ಬೆಂಗಳೂರಿನಲ್ಲಿ 90 ಮತ್ತು 51, ರಾಂಚಿಯಲ್ಲಿ 67, ಧರ್ಮಶಾಲಾದಲ್ಲಿ 60 ಮತ್ತು ಔಟಾಗದೆ 51. ಸರಣಿ 2-1ರಲ್ಲಿ ನಮ್ಮದಾಯ್ತು. ನಾಲ್ಕು ಟೆಸ್ಟ್, ಆರು ಅರ್ಧಶತಕ, 393 ರನ್. ನಾನೂ ಆಗ "ಗಂಡೆದೆ ಅಂದ್ರೆ ಇದು" ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದವನೇ.

ನಾವು ಹೇಳದೆ ಬಿಟ್ಟ ಭಾಗ ಇದು. ಸರಣಿ ಮುಗಿದ ಕೂಡಲೇ ಶಸ್ತ್ರಚಿಕಿತ್ಸೆ. ಆ ವರ್ಷದ ಐಪಿಎಲ್ ಪೂರ್ತಿ ಇಲ್ಲ. ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿ ಇಲ್ಲ. ಮತ್ತೆ ಟೆಸ್ಟ್ ಆಡಿದ್ದು ಆಗಸ್ಟ್‌ನಲ್ಲಿ, ಶ್ರೀಲಂಕಾದಲ್ಲಿ. ಅಲ್ಲಿ 57, 85 ಹೊಡೆದು ಸತತ ಏಳು ಟೆಸ್ಟ್ ಅರ್ಧಶತಕದ ವಿಶ್ವದಾಖಲೆ ಸರಿಗಟ್ಟಿದ ಅನ್ನೋದು ನಿಜ. ಆದರೆ ಆ ನಡುವಿನ ನಾಲ್ಕು ತಿಂಗಳನ್ನು ನಾವು ಕತೆಯಿಂದ ಕತ್ತರಿಸಿ ಹುಡುಗರಿಗೆ ಹೇಳ್ತೇವೆ.

ಮತ್ತೊಂದು ವಿಷಯ. ರಾಹುಲ್ ಬಲಗೈ ಬ್ಯಾಟ್ಸ್‌ಮನ್, ಪೆಟ್ಟಾದದ್ದು ಎಡ ಹೆಗಲು. ಅಂದ್ರೆ ಚೆಂಡು ಎಸೆಯುವ ಕೈ ಅಲ್ಲ. ದಿನಾ ಬೆಳಿಗ್ಗೆ ಒಬ್ಬ ಫಿಸಿಯೋ ಆ ಹೆಗಲನ್ನು ಮುಟ್ಟಿ ನೋಡಿ, ಇವತ್ತು ಆಡಬಹುದೋ ಬೇಡವೋ ಅಂತ ಹೇಳ್ತಿದ್ದ. ಎಲ್ಲಿ ಫೀಲ್ಡಿಂಗ್ ನಿಲ್ಲಿಸಬೇಕು, ಯಾವ ಹೊಡೆತ ಕಮ್ಮಿ ಮಾಡಬೇಕು ಅಂತ ಯೋಚನೆ ಮಾಡಲಿಕ್ಕೆ ಜನ ಇದ್ದರು. ನನ್ನ ಸೋದರಳಿಯನಿಗೆ ಇರುವುದು ಒಂದು ಸ್ಪ್ರೇ ಡಬ್ಬಿ ಮತ್ತು ಮಾತ್ರೆ ಕೊಡುವ ಒಬ್ಬ ಅಣ್ಣ.

ತುಳುವಿನಲ್ಲಿ ಹೆಗಲಿಗೆ ಪುಗೆಲ್ ಅಂತೇವೆ. ನಮ್ಮಲ್ಲಿ ಪುಗೆಲ್ ಬೇನೆ ಅಂದ ಕೂಡಲೇ ಪ್ರತಿಯೊಬ್ಬರ ಹತ್ತಿರವೂ ಒಂದು ಮದ್ದು ಉಂಟು. ಮುರಿವೆಣ್ಣೆ ಹಚ್ಚು, ಬಿಸಿನೀರು ಹಾಕು, ಇಂಥಲ್ಲಿ ಒಬ್ಬರು ಉಳುಕು ತೆಗೀತಾರೆ ಅವರ ಹತ್ತಿರ ಹೋಗು... ಒಳಗೆ ಏನಾಗಿದೆ ಅಂತ ಕೇಳುವವರು ಯಾರೂ ಇಲ್ಲ. ನಾನೂ ಕೇಳಿರಲಿಲ್ಲ. ನನ್ನ ಕೈಗೆ ಬಂದ ಮೇಲೆ ಕೇಳಿದೆ. ನೋಡಿದ ಫಿಸಿಯೋಥೆರಪಿಸ್ಟ್ ಪುಣ್ಯಕ್ಕೆ ಮಾತುಗಾರ್ತಿ. ತಾಳ್ಮೆಯಿಂದ ವಿವರಿಸಿದಳು. ನನಗೆ ಅರ್ಥವಾದಷ್ಟು ಬರೀತೇನೆ. ವೈದ್ಯ ಬ್ಲಾಗಿಗರು ಯಾರಾದರೂ ಓದ್ತಾ ಇದ್ದರೆ ತಪ್ಪಿದ್ದಲ್ಲಿ ತಿದ್ದಿ.

ಸೊಂಟದ ಕೀಲು ಒರಳಿನೊಳಗೆ ಗುಂಡುಕಲ್ಲು ಕೂತ ಹಾಗೆ ಆಳಕ್ಕೆ ಕೂತಿರ್ತದೆ. ಹೆಗಲಿನದ್ದು ಹಾಗಲ್ಲ. ಸಣ್ಣ ತಟ್ಟೆಗೆ ದೊಡ್ಡ ನಿಂಬೆಹಣ್ಣು ತಾಗಿಸಿ ಇಟ್ಟ ಹಾಗೆ, ಅದೂ ತಟ್ಟೆಯನ್ನು ಓರೆ ಹಿಡಿದು. ಅದಕ್ಕೇ ಕೈ ಎಲ್ಲಾ ದಿಕ್ಕಿಗೂ ತಿರುಗ್ತದೆ, ಅದಕ್ಕೇ ಸುಲಭಕ್ಕೆ ಜಾರ್ತದೆ. ಈ ನಿಂಬೆಹಣ್ಣು ಬೀಳದ ಹಾಗೆ ಹಿಡಿದಿಡುವುದು ನಾಲ್ಕು ಸಣ್ಣ ಸ್ನಾಯುಗಳು. ಅವುಗಳ ತುದಿಗಳು ಸೇರಿ ಮೂಳೆಯ ತಲೆಯನ್ನು ಅಂಗಿಯ ಕಫ್ ಮಣಿಕಟ್ಟನ್ನು ಸುತ್ತಿದ ಹಾಗೆ ಸುತ್ತಿಕೊಂಡಿರ್ತವೆ. ಅದೇ ರೊಟೇಟರ್ ಕಫ್. ಕನ್ನಡದಲ್ಲಿ ಏನನ್ನಬೇಕೋ ನನಗೆ ಹೊಳೆಯಲಿಲ್ಲ. ನಿಮ್ಮಲ್ಲಿ ಪದ ಕಟ್ಟುವವರು ತುಂಬಾ ಜನ ಇದ್ದೀರಿ, ಒಂದು ಕಟ್ಟಿ ಕೊಡಿ.

ಮೈಕಟ್ಟು ತೋರಿಸುವ ದೊಡ್ಡ ಸ್ನಾಯುಗಳು ಹೊರಗೆ ಇರೋದು, ಜಿಮ್ಮಿನಲ್ಲಿ ಹುಡುಗರು ಬೆಳೆಸೋದು ಅವನ್ನೇ. ಈ ನಾಲ್ಕು ಒಳಗೆ ಅಡಗಿ ಕೂತ ಬಡಪಾಯಿಗಳು. ಚೆಂಡು ಎಸೆಯುವಾಗ ದೊಡ್ಡ ಸ್ನಾಯುಗಳು ಕೈಯನ್ನು ಮುಂದಕ್ಕೆ ಬೀಸ್ತವೆ. ಚೆಂಡು ಕೈ ಬಿಟ್ಟ ಮೇಲೆ? ಆ ವೇಗದಲ್ಲಿ ಹೋಗ್ತಿರುವ ಕೈಗೆ ಬ್ರೇಕ್ ಹಾಕಬೇಕಲ್ಲ, ಆ ಕೆಲಸ ಬಹುಪಾಲು ಹಿಂಬದಿಯ ಈ ಸಣ್ಣ ಸ್ನಾಯುಗಳದ್ದು. ಅಮೆರಿಕದ ಬೇಸ್‌ಬಾಲ್ ಪಿಚರ್‌ಗಳ ತೋಳು ಎಸೆಯುವ ಗಳಿಗೆಯಲ್ಲಿ ಸೆಕೆಂಡಿಗೆ ಸುಮಾರು 7000 ಡಿಗ್ರಿ ವೇಗದಲ್ಲಿ ತಿರುಗ್ತದಂತೆ. ಅದೇ ವೇಗ ಒಂದು ಸೆಕೆಂಡು ಉಳಿದರೆ ಹತ್ತೊಂಬತ್ತು ಸುತ್ತು! ನಮ್ಮ ಹುಡುಗರದ್ದು ಅಷ್ಟಿಲ್ಲ ಅಂತಿಟ್ಟುಕೊಳ್ಳಿ. ಆದರೂ ಪ್ರತಿ ಎಸೆತಕ್ಕೂ ಬ್ರೇಕ್ ಹಾಕಲೇಬೇಕು. ಘಾಟಿ ಇಳಿಯುವ ಬಸ್ಸಿನ ಬ್ರೇಕ್ ಸವೆದ ಹಾಗೆ ಇವೂ ಸವೀತವೆ.

ಅವಳು ಹೇಳಿದ ಇನ್ನೊಂದು ಮಾತು ನನಗೆ ಹೊಸದು. ನಾವು ಬೌಲಿಂಗೇ ಹೆಗಲಿಗೆ ಶತ್ರು ಅಂದುಕೊಂಡಿದ್ದೇವೆ. ಬೌಲಿಂಗಿನಲ್ಲಿ ಕೈ ನೇರ, ಇಡೀ ಮೈ ಜೊತೆಗೆ ತಿರುಗ್ತದೆ. ವೇಗದ ಬೌಲರನಿಗೆ ಮೊದಲು ಕೈ ಕೊಡುವುದು ಸಾಮಾನ್ಯವಾಗಿ ಬೆನ್ನು. ಹೆಗಲಿಗೆ ಹೆಚ್ಚು ಕಷ್ಟ ಕೊಡುವುದು ಬೌಂಡರಿಯಿಂದ ಎಸೆಯುವ ಆ ಎಸೆತ, ಅದೂ ಮೈ ಬಿಸಿಯಾಗದೆ ಇದ್ದಕ್ಕಿದ್ದಂತೆ ಎಸೆದದ್ದು. ನನ್ನ ರನ್ ಔಟ್ ನೆನಪಾಗಿ ಸುಮ್ಮನೆ ತಲೆ ತಗ್ಗಿಸಿದೆ.

ಹೆಗಲು ಹೋದರೆ ಆಟವೇ ಹೋಯ್ತು ಅಂತ ಹೆದರಿಸಲಿಕ್ಕೆ ಇದನ್ನು ಬರೀತಿಲ್ಲ. ಕನ್ನಡಿಗರಾದ ನಮಗೆ ಅದಕ್ಕೆ ವಿರುದ್ಧವಾದ ಎರಡು ದೊಡ್ಡ ಉದಾಹರಣೆ ಉಂಟು.

ಒಂದು ನಮ್ಮ ಜಾವಗಲ್ ಶ್ರೀನಾಥ್. 1996-97ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅವರು ಬೌಲಿಂಗ್ ಮಾಡಿದ್ದನ್ನು ನೋಡಿದವರು ಇವತ್ತಿಗೂ ಹೇಳ್ತಾರೆ, ಅಂಥ ವೇಗ ಭಾರತದವರಲ್ಲಿ ಅಲ್ಲಿಯವರೆಗೆ ಕಂಡಿರಲಿಲ್ಲ ಅಂತ. ಅದರ ಬೆನ್ನಿಗೇ ರೊಟೇಟರ್ ಕಫ್ ಹರಿಯಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಶಸ್ತ್ರಚಿಕಿತ್ಸೆ ಆಯ್ತು. ತಿಂಗಳುಗಟ್ಟಲೆ ಆಟ ಇಲ್ಲ. ಅವರಿಲ್ಲದ ಆ ಪ್ರವಾಸದಲ್ಲೇ, 1997ರ ಮಾರ್ಚ್‌ನಲ್ಲಿ, ಬಾರ್ಬಡೋಸ್‌ನಲ್ಲಿ 120 ರನ್ ಬೆನ್ನಟ್ಟಿ 81ಕ್ಕೆ ಬಿದ್ದದ್ದು. ಅದು ಬ್ಯಾಟಿಂಗ್ ಮಾಡಿದ ಅನಾಹುತ, ಶ್ರೀನಾಥ್ ಇದ್ದಿದ್ದರೂ ಉಳಿಸುತ್ತಿರಲಿಲ್ಲ ಅನ್ನಿ. ನನ್ನ ವಾದ ಅದಲ್ಲ. ಇಪ್ಪತ್ತೇಳು ವರ್ಷದ, ತನ್ನ ವೇಗದ ತುದಿಯಲ್ಲಿದ್ದ ಬೌಲರ್ ಒಬ್ಬ ಹೆಗಲು ಹಿಡಿದು ಮನೆಯಲ್ಲಿ ಕೂತಿದ್ದ. ಆದರೆ ವಾಪಸ್ ಬಂದ. 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 86 ರನ್‌ಗೆ 8 ವಿಕೆಟ್. 2003ರ ವಿಶ್ವಕಪ್ ಫೈನಲ್‌ವರೆಗೂ ಓಡಿದ.

ಇನ್ನೊಬ್ಬರು ಅನಿಲ್ ಕುಂಬ್ಳೆ. ಹೆಸರಿನಲ್ಲೇ ನಮ್ಮ ಕಾಸರಗೋಡಿನ ಕುಂಬ್ಳೆ ಉಂಟು, ಹಾಗಾಗಿ ಅವರ ಮೇಲೆ ನಮಗೆ ಅರ್ಧ ಹಕ್ಕು. ಬೇರೆ ಲೆಗ್ ಸ್ಪಿನ್ನರ್‌ಗಳ ಹಾಗೆ ನಿಧಾನಕ್ಕೆ ತಿರುಗಿಸುವವರಲ್ಲ, ಕೈ ಎತ್ತರದಿಂದ ವೇಗವಾಗಿ ಬಡಿಯುವವರು. ಹೆಗಲು ಕೊನೆಗೆ ಸೋತಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 2001ರ ಮಾರ್ಚ್‌ನಲ್ಲಿ ಮನೆಯಲ್ಲಿದ್ದರು. ಲಕ್ಷ್ಮಣ್ 281 ಹೊಡೆದ, ಹರ್ಭಜನ್ ಮೂರು ಟೆಸ್ಟ್‌ನಲ್ಲಿ 32 ವಿಕೆಟ್ ತೆಗೆದ ಆ ಮಹಾ ಸರಣಿಯಲ್ಲಿ ಕುಂಬ್ಳೆ ಒಂದು ಚೆಂಡೂ ಎಸೆಯಲಿಲ್ಲ. ಅವರ ಕತೆ ಮುಗಿಯಿತು ಅಂತ ಆಗ ಬಾಯಿಬಿಟ್ಟು ಹೇಳಿದವರು ಕಮ್ಮಿ ಇರಲಿಲ್ಲ. ಅವರ 300ನೇ ಟೆಸ್ಟ್ ವಿಕೆಟ್ ಬಂದದ್ದೇ ಅದಾದ ಮೇಲೆ, ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ. ಒಟ್ಟು 619. ಲೆಕ್ಕ ಹಾಕಿ, ಅರ್ಧಕ್ಕಿಂತ ಹೆಚ್ಚು ವಿಕೆಟ್ ರಿಪೇರಿಯಾದ ಹೆಗಲಿನದ್ದು. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಕಟ್ಟಿಕೊಂಡು ಬೌಲಿಂಗ್ ಮಾಡಿದ ಫೋಟೋ ಎಲ್ಲರ ಮನೆಯಲ್ಲೂ ಉಂಟು. ಸುಮಾರು ಒಂದು ವರ್ಷ ಸುಮ್ಮನೆ ರಬ್ಬರ್ ಪಟ್ಟಿ ಎಳೆಯುತ್ತಾ ಕೂತ ಕುಂಬ್ಳೆಯ ಫೋಟೋ ಯಾರ ಹತ್ತಿರವೂ ಇಲ್ಲ. ನನ್ನ ಪ್ರಕಾರ ಅದಕ್ಕೆ ಇದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು.

ಸರಿ, ನಮ್ಮ ಮೈದಾನಕ್ಕೆ ಬರೋಣ.

ಕರಾವಳಿಯ ಕ್ರಿಕೆಟ್ ಹೇಗೆ ನಡೀತದೆ ಅಂತ ಘಟ್ಟದ ಮೇಲಿನ ಗೆಳೆಯರಿಗೆ ಸ್ವಲ್ಪ ಹೇಳಬೇಕು. ಇಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಅಂದ್ರೆ ಕೆರೆ. ಹುಡುಗರು ಫುಟ್‌ಬಾಲ್ ಆಡ್ತಾರೆ, ಇಲ್ಲಾ ಮೊಬೈಲ್ ಹಿಡ್ಕೊಂಡು ಕೂರ್ತಾರೆ. ಒಬ್ಬನೂ ಚೆಂಡು ಎಸೆಯುವುದಿಲ್ಲ. ದೀಪಾವಳಿ ಕಳೆದ ಕೂಡಲೇ ಬ್ಯಾನರ್‌ಗಳು ಏಳ್ತವೆ. ಈ ಫ್ರೆಂಡ್ಸ್‌ನ ದಶಮಾನೋತ್ಸವದ ಟ್ರೋಫಿ, ಆ ಯುವಕ ಮಂಡಲದ ಹೊನಲು ಬೆಳಕಿನ ಪಂದ್ಯಾಟ, ಓವರ್ ಆರ್ಮ್, ಅಂಡರ್ ಆರ್ಮ್, ನಿಗದಿತ ಓವರ್‌ಗಳದ್ದು, ಲೀಗ್ ಮಾದರಿಯದ್ದು... ನವೆಂಬರ್‌ನಿಂದ ಮೇವರೆಗೆ ಒಂದು ವಾರಾಂತ್ಯವೂ ಖಾಲಿ ಇಲ್ಲ. ನಾಲ್ಕು ತಿಂಗಳು ಶೂನ್ಯ ಇದ್ದ ಹೆಗಲು ಒಂದು ವಾರದಲ್ಲಿ ನೂರಕ್ಕೆ ಹೋಗ್ತದೆ. ಯಾವ ಯಂತ್ರವನ್ನಾದರೂ ನಾವು ಹೀಗೆ ಓಡಿಸ್ತೇವಾ? ಮಳೆಗಾಲ ಇಡೀ ಶೆಡ್ಡಿನಲ್ಲಿದ್ದ ದೋಣಿಯನ್ನು ಕಡಲಿಗೆ ಇಳಿಸುವ ಮೊದಲು ಎಷ್ಟು ದಿನ ಎಣ್ಣೆ, ಬಣ್ಣ, ಇಂಜಿನ್ ಅಂತ ನೋಡ್ತೇವೆ! ನನ್ನ ಸೋದರಳಿಯನ ನೋವು ದೀಪಾವಳಿಯಿಂದಲೇ ಶುರುವಾದದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಚೆಂಡಿನ ವಿಷಯ. ಟೆನ್ನಿಸ್ ಚೆಂಡು ಹೆಚ್ಚೂಕಮ್ಮಿ 58 ಗ್ರಾಂ. ಲೆದರ್ ಚೆಂಡು 156ರಿಂದ 163. ಹದಿಮೂರರ ಒಳಗಿನ ಮಕ್ಕಳಿಗೆ ಅಂತ 133ರಿಂದ 144 ಗ್ರಾಂನ ಸಣ್ಣ ಚೆಂಡು ಬೇರೆಯೇ ಉಂಟು, ಕ್ರಿಕೆಟ್ ನಿಯಮದಲ್ಲೇ ಬರೆದದ್ದು. ನಾನು ನೋಡಿದ ಎಷ್ಟೋ ಕಡೆ ಹತ್ತು ವರ್ಷದ ಮಕ್ಕಳ ಕೈಗೂ ದೊಡ್ಡವರ ಚೆಂಡನ್ನೇ ಕೊಡ್ತಾರೆ. ಶನಿವಾರ ರಾತ್ರಿ ಹಗುರ ಚೆಂಡಿಗೆ ವೇಗ ಬರಲಿ ಅಂತ ಕೈಯನ್ನು ಚಾಟಿಯ ಹಾಗೆ ಬೀಸಿದ ಹುಡುಗ, ಸೋಮವಾರ ಬೆಳಿಗ್ಗೆ ಶಾಲೆಯ ನೆಟ್ಸ್‌ನಲ್ಲಿ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ಭಾರದ ಚೆಂಡನ್ನು ಅದೇ ಕೈಯಲ್ಲಿ ಎಸೀತಾನೆ. ಶಾಲೆಯ ಕೋಚ್‌ಗೆ ಶನಿವಾರದ್ದು ಗೊತ್ತಿಲ್ಲ. ಶನಿವಾರದ ಅಣ್ಣಂದಿರಿಗೆ ಸೋಮವಾರ ಬೇಕಾಗಿಲ್ಲ. ಹೆಗಲು ಮಾತ್ರ ಒಂದೇ!

ಅಂಡರ್ ಆರ್ಮ್ ಬಗ್ಗೆ ಬೆಂಗಳೂರಿನ ಗೆಳೆಯರು ನಗ್ತಾರೆ, ಅದೂ ಒಂದು ಕ್ರಿಕೆಟ್ಟಾ ಅಂತ. ನನಗೆ ಅದರ ಮೇಲೆ ಈಗ ಭಾರೀ ಗೌರವ. ಬೌಲರನ ಕೈ ಹೆಗಲಿನ ಮೇಲೆ ಏಳುವುದೇ ಇಲ್ಲ. ಹಿಂದಿನವರು ಹೆಗಲಿನ ಬಗ್ಗೆ ಯೋಚಿಸಿ ಮಾಡಿದ್ದೇನಲ್ಲ, ಜಾಗ ಸಣ್ಣದಿತ್ತು ಅಷ್ಟೆ. ಆದರೂ... ಏನೇ ಇರಲಿ, ಬೌಂಡರಿಯಿಂದ ಎಸೆಯುವಾಗ ಅಂಡರ್ ಆರ್ಮ್ ಆಟದಲ್ಲೂ ಕೈ ಮೇಲೆಯೇ ಏಳ್ತದೆ.

ಈಗ ನನ್ನ ಜಗಳ ಏನು ಅಂತ ಹೇಳ್ತೇನೆ. ಕ್ರಿಕೆಟ್ ಅಂದ್ರೆ ಲೆಕ್ಕದ ಆಟ. ರನ್, ಚೆಂಡು, ವೈಡ್, ಲೆಗ್ ಬೈ, ಸ್ಟ್ರೈಕ್ ರೇಟ್ ಎಲ್ಲ ಬರೀತೇವೆ. ಒಬ್ಬ ಹುಡುಗ ದಿನಕ್ಕೆ ಎಷ್ಟು ಸಲ ಚೆಂಡು ಎಸೆದ ಅಂತ ಬರೆದವರನ್ನು ನಾನು ನಮ್ಮೂರಿನಲ್ಲಿ ಕಂಡಿಲ್ಲ. ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ 2007ರಿಂದ ಎಸೆತಕ್ಕೇ ಮಿತಿ ಹಾಕಿದೆ. ಹನ್ನೊಂದು ಹನ್ನೆರಡರ ಹುಡುಗ ಪಿಚರ್ ಆಗಿ ದಿನಕ್ಕೆ 85 ದಾಟುವ ಹಾಗಿಲ್ಲ, ಹೆಚ್ಚು ಎಸೆದರೆ ನಾಲ್ಕು ದಿನ ರಜೆ. ಇಂಗ್ಲೆಂಡಿನಲ್ಲಿ ಹದಿಮೂರರ ಒಳಗಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10 ಅಂತ ಕಟ್ಟುನಿಟ್ಟು. ಅದು ಮುಖ್ಯವಾಗಿ ಬೆನ್ನಿಗೋಸ್ಕರ, ಆದರೂ ಯಾರೋ ಒಬ್ಬರು ಎಣಿಸ್ತಾ ಇದ್ದಾರೆ ಅನ್ನೋದೇ ದೊಡ್ಡದು. ನಮ್ಮಲ್ಲಿ ಹುಡುಗ ಚೆನ್ನಾಗಿ ಬೌಲಿಂಗ್ ಮಾಡಿದರೆ ಬಹುಮಾನ ಏನು ಗೊತ್ತಾ, ಮೂರು ತಂಡದಿಂದ ಫೋನ್!

ಪಂದ್ಯಾಟದ ಖರ್ಚು ನೋಡಿ. ದೀಪ, ಜನರೇಟರ್, ಎದೆ ನಡುಗಿಸುವ ಸೌಂಡ್ ಬಾಕ್ಸ್, ಕಾಮೆಂಟರಿಗೆ ಹೆಸರುವಾಸಿ ಜನ, ಆಳೆತ್ತರದ ಟ್ರೋಫಿ, ಯೂಟ್ಯೂಬ್‌ನಲ್ಲಿ ನೇರ ಪ್ರಸಾರ. ಸಂತೋಷ, ಎಲ್ಲ ಇರಲಿ. ಆ ಮೈದಾನದ ಮೂಲೆಯಲ್ಲಿ ಒಂದು ಕುರ್ಚಿ ಹಾಕಿ ಒಬ್ಬ ಫಿಸಿಯೋಥೆರಪಿ ವಿದ್ಯಾರ್ಥಿಯನ್ನು ಕೂರಿಸಲಿಕ್ಕೆ ಏನು ಕಷ್ಟ? ಬೇರೆ ಊರಿನವರು ಕೇಳಿದರೆ ಒಪ್ಪಬಹುದು. ಇದು ಮಂಗಳೂರು ಮಾರಾಯ್ರೆ! ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಔಷಧ ಕೊಡಲು ಶುರು ಮಾಡಿದ ಊರು, 1955ರಲ್ಲೇ ಕೆಎಂಸಿ ಬಂದ ಊರು. ಈಗ ಯಾವ ದಿಕ್ಕಿಗೆ ಕಲ್ಲು ಎಸೆದರೂ ಒಂದು ಮೆಡಿಕಲ್ ಕಾಲೇಜಿಗೋ ಫಿಸಿಯೋಥೆರಪಿ ಕಾಲೇಜಿಗೋ ಬೀಳ್ತದೆ (ಕಲ್ಲು ಎಸೆಯಬೇಡಿ, ಹೆಗಲು ನೋಯ್ತದೆ). ಕೇರಳದಿಂದ, ಉತ್ತರ ಭಾರತದಿಂದ ಮಕ್ಕಳು ಇಲ್ಲಿಗೆ ಹೆಗಲು, ಮೊಣಕಾಲು ಓದಲಿಕ್ಕೆ ಬರ್ತಾರೆ. ಅವರ ಹಾಸ್ಟೆಲ್‌ನಿಂದ ಮೈದಾನಕ್ಕೆ ಸಿಟಿ ಬಸ್ಸಿನಲ್ಲಿ ಹತ್ತು ನಿಮಿಷ. ಅವರಿಗೂ ಕಲಿಯಲಿಕ್ಕೆ ಆಗ್ತದೆ, ಇವರಿಗೂ ಉಪಕಾರ. ಎರಡೂ ಕಡೆಯವರಿಗೆ ಒಂದೇ ಒಂದು ಫೋನ್ ಮಾಡುವ ಜನ ಇಲ್ಲ.

"ನಾವೆಲ್ಲ ಫಿಸಿಯೋ ಇಲ್ಲದೇ ಆಡಲಿಲ್ವಾ?" ಅಂತ ಕೇಳುವವರು ಇದ್ದಾರೆ. ಆಡಿದ್ದೇವೆ. ನನ್ನ ಜೊತೆ ಆಡಿದವರಲ್ಲಿ ನನಗಿಂತ ಒಳ್ಳೆಯ ಆರ್ಮ್ ಇದ್ದ ಇಬ್ಬರು ಇಪ್ಪತ್ತೆರಡಕ್ಕೆಲ್ಲ ಸ್ಲಿಪ್‌ಗೆ ಬಂದು ನಿಂತರು. ನಾವು "ಸೋಮಾರಿ" ಅಂತ ಗೇಲಿ ಮಾಡ್ತಿದ್ದೆವು. ಈಗ ಯೋಚಿಸಿದರೆ ಅವರಿಗೆ ಕೈ ಎತ್ತಲು ಆಗ್ತಿರಲಿಲ್ಲವೇನೋ. ಆಗ ಸೀಸನ್ನಿಗೆ ನಾಲ್ಕೋ ಐದೋ ಪಂದ್ಯಾಟ ಇತ್ತು, ಈಗ ತಿಂಗಳಿಗೆ ಅಷ್ಟಿದೆ. ಇನ್ನೊಂದು ಮಾತು ಕೇಳಿ ಬರ್ತದೆ, ಬಡ ಹುಡುಗರಿಗೆ ಈ ಪಂದ್ಯಾಟದ ದುಡ್ಡು ಬೇಕು, ನೀವು ಮನೆಯಲ್ಲಿ ಕೂತು ಬ್ಲಾಗ್ ಬರೆಯುವವರು ಅವರ ಹೊಟ್ಟೆಯ ಮೇಲೆ ಹೊಡೀಬೇಡಿ ಅಂತ. ಈ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಗ್ಯಾರೇಜಿನಲ್ಲಿ, ಗಾರೆ ಕೆಲಸದಲ್ಲಿ, ಮೀನಿನ ಬುಟ್ಟಿ ಎತ್ತುವಲ್ಲಿ ದುಡಿಯುವ ಹುಡುಗರೇ ಶನಿವಾರ ರಾತ್ರಿ ಆಡುವವರು. ಹಾಗಾಗಿಯೇ ಅವರ ಹೆಗಲು ನನ್ನ ಹೆಗಲಿಗಿಂತ ಬೆಲೆಬಾಳುವಂಥದ್ದು. ನನ್ನ ಕೈ ನೋವಾದರೆ ಒಂದು ಬ್ಲಾಗ್ ತಡವಾಗ್ತದೆ. ಅವರ ಕೈ ಹೋದರೆ ಸೋಮವಾರದ ಸಂಬಳ ಹೋಗ್ತದೆ.

ಮತ್ತೆ ನಮ್ಮ ಹುಡುಗನ ಕತೆ.

ಅವನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ಹೋಗುವ ಮೊದಲು ರಾತ್ರಿ ಇಡೀ ಗೂಗಲ್ ಮಾಡಿ ಪಂಡಿತನಾಗಿದ್ದೆ. "ಡಾಕ್ಟ್ರೇ, ರೊಟೇಟರ್ ಕಫ್ ಹರಿದಿರಬೇಕು, ಎಮ್‌ಆರ್‌ಐ ಮಾಡಿಸುವಾ" ಅಂದೆ. ಅವರು ನನ್ನನ್ನು ಒಮ್ಮೆ ನೋಡಿ, "ಅದು ನಿಮ್ಮ ವಯಸ್ಸಿನ ಕಾಯಿಲೆ" ಅಂದರು :( ಹದಿನೈದರ ಹುಡುಗರಲ್ಲಿ ಸ್ನಾಯು ಹರಿಯುವುದು ಅಪರೂಪವಂತೆ. ಅವರಲ್ಲಿ ಸ್ನಾಯುವಿಗಿಂತ ಮೆತ್ತಗಿರುವ ಜಾಗ ಬೇರೆ ಉಂಟು, ತೋಳಿನ ಮೂಳೆಯ ಮೇಲ್ತುದಿಯಲ್ಲಿ ಮೂಳೆ ಇನ್ನೂ ಬೆಳೀತಾ ಇರುವ ಮೃದುವಾದ ಪಟ್ಟಿ. ಮತ್ತೆ ಮತ್ತೆ ಎಸೆದರೆ ಅದು ಅಗಲವಾಗ್ತದೆ, ನೋಯ್ತದೆ. ಸಾದಾ ಎಕ್ಸ್‌ರೇ ಸಾಕಾಯ್ತು. ಎರಡೂ ಹೆಗಲಿನದ್ದು ತೆಗೆಸಿ ಪಕ್ಕಪಕ್ಕ ಹಿಡಿದು ತೋರಿಸಿದರು. ನನ್ನಂಥ ದಡ್ಡನಿಗೂ ಕಾಣಿಸಿತು. ಮೂರು ತಿಂಗಳು ಚೆಂಡು ಎಸೆಯಬಾರದು, ಆಮೇಲೆ ನಿಧಾನಕ್ಕೆ ಶುರು ಮಾಡಿದರೆ ಪೂರ್ತಿ ಗುಣವಾಗ್ತದೆ ಅಂದರು. ಮಾತ್ರೆ ನುಂಗಿ ಎಸೀತಾ ಹೋಗಿದ್ದರೆ? ಅಂತ ಕೇಳಿದೆ. ನೋವು ಅಂದ್ರೆ ನಿಲ್ಲಿಸು ಅಂತ ಮೂಳೆ ಕೂಗೋದು, ಮಾತ್ರೆ ಕೊಟ್ಟರೆ ಕೂಗು ನಿಲ್ತದೆ, ಮೂಳೆ ಬೆಳೆಯುವ ಜಾಗಕ್ಕೆ ಆಗುವ ಪೆಟ್ಟು ನಿಲ್ಲುವುದಿಲ್ಲ ಅಂದರು. ತಂಡದ ಆ ಅಣ್ಣ ಕೆಟ್ಟವನಲ್ಲ. ಅವನಿಗೂ ಹದಿನೈದನೇ ವಯಸ್ಸಿನಲ್ಲಿ ಯಾರೋ ಒಬ್ಬ ಅಣ್ಣ ಹಾಗೇ ಮಾತ್ರೆ ಕೊಟ್ಟಿರಬೇಕು.

ನನ್ನದಾದರೆ ನಿಜವಾಗಿಯೂ ರೊಟೇಟರ್ ಕಫೇ. ಒಂದು ಸ್ನಾಯುವಿನಲ್ಲಿ ಅರ್ಧಂಬರ್ಧ ಹರುಕು. ಆಪರೇಷನ್ ಬೇಕಾ ಅಂತ ಹೆದರಿ ಕೇಳಿದ್ದಕ್ಕೆ ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ಬನ್ನಿ ಅಂದರು. ನಲವತ್ತು ಐವತ್ತು ದಾಟಿದವರಲ್ಲಿ ನೋವೇ ಇಲ್ಲದವರ ಹೆಗಲನ್ನು ಸ್ಕ್ಯಾನ್ ಮಾಡಿದರೂ ಎಷ್ಟೋ ಸಲ ಇಂಥ ಹರುಕು ಕಾಣ್ತದಂತೆ. ಹರುಕು ಕಂಡ ಕೂಡಲೇ ಕತ್ತರಿ ಹಿಡಿಯಬೇಕಾಗಿಲ್ಲ. ಹೆಗಲಿನ ಮೇಲ್ಗಡೆಯ ಮೂಳೆ ಕೆರೆದು ಜಾಗ ಮಾಡುವ ಒಂದು ಆಪರೇಷನ್ ತುಂಬಾ ಚಾಲ್ತಿಯಲ್ಲಿತ್ತು. ಅದಕ್ಕೂ, ಬರೀ ತೂತು ಮಾಡಿ ಒಳಗೆ ನೋಡಿ ಹೊಲಿದು ಕಳಿಸಿದ್ದಕ್ಕೂ ಹೆಚ್ಚೇನೂ ವ್ಯತ್ಯಾಸ ಇಲ್ಲ ಅಂತ ಬ್ರಿಟನ್ನಿನಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಶ್ರೀನಾಥ್, ಕುಂಬ್ಳೆಯವರದ್ದು ಬೇರೆ, ಅವರಿಗೆ ಬೇಕಿತ್ತು. ನಾನು ಕಿಟಕಿ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ದಿನಕ್ಕೆ ಎರಡು ಸಲ ಎಳೀತೇನೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಕೈಯನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ. ಅಷ್ಟೇ. ಇಷ್ಟು ಬೋರು ಹೊಡೆಸುವ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ಆದರೆ ಎಂಟನೇ ವಾರಕ್ಕೆ ಅಟ್ಟದ ಮೇಲಿನ ಡಬ್ಬಿ ನಾನೇ ತೆಗೆದೆ.

ಹುಡುಗ ಆ ಫೈನಲ್ ಆಡಲಿಲ್ಲ. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ. ಮೂರನೇ ದಿನ ನಾನೇ ಒಂದು ನೋಟ್‌ಬುಕ್ ಕೊಟ್ಟು, ನಿಮ್ಮ ತಂಡದ ಪಾಯಿಂಟ್ ಫೀಲ್ಡರ್ ಎಷ್ಟು ಸಲ ಚೆಂಡು ಎಸೀತಾನೆ ಅಂತ ಗೆರೆ ಹಾಕ್ಕೊಂಡು ಬಾ ಅಂದೆ. ಮುಖ ಸಿಂಡರಿಸಿಕೊಂಡೇ ಹೋದ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಫೈನಲ್ ಗೆದ್ದರಾ ಸೋತರಾ ಅಂತ ಹೇಳಲೇ ಇಲ್ಲ.

"ಮಾವ, ಅರುವತ್ತೊಂದು! ಅದರಲ್ಲಿ ರನ್ ಔಟ್ ಮಾಡ್ಲಿಕ್ಕೆ ಎಸೆದದ್ದು ಏಳೇ ಏಳು. ಬಾಕಿ ಎಲ್ಲ ಸುಮ್ಮನೆ, ಬೌಲರಿಗೆ ಕೊಡ್ಲಿಕ್ಕೆ, ಕೀಪರಿಗೆ ಜೋರಾಗಿ ಹೊಡೀಲಿಕ್ಕೆ. ಮ್ಯಾಚ್ ಶುರು ಆಗುವ ಮೊದಲಿನದ್ದು ನಾನು ಎಣಿಸ್ಲೇ ಇಲ್ಲ."

ಆ ನೋಟ್‌ಬುಕ್ ಈಗ ನನ್ನ ಮೇಜಿನ ಮೇಲಿದೆ. ಅವನಿಗೆ ಇನ್ನೂ ಐದು ವಾರ ಬಾಕಿ. ಬರುವ ಶನಿವಾರ ಎರಡು ತಂಡದವರದ್ದೂ ಎಣಿಸ್ತೇನೆ, ಇನ್ನೊಬ್ಬನನ್ನು ಜೊತೆಗೆ ಕೂರಿಸ್ತೇನೆ ಅಂತಿದ್ದಾನೆ. ನಿಮ್ಮ ಕಡೆ ಪಂದ್ಯಾಟ ನಡೆಸುವವರು, ಮಕ್ಕಳಿಗೆ ಆಟ ಹೇಳಿಕೊಡುವವರು ಯಾರಾದರೂ ಇದ್ದರೆ ಒಂದು ಸಲ ಹೀಗೆ ಎಣಿಸಿ ನೋಡಿ, ಎಷ್ಟಾಯ್ತು ಅಂತ ಕೆಳಗೆ ಬರೆಯಿರಿ. ಅವನಿಗೆ ಓದಿ ಹೇಳ್ತೇನೆ.